ಪಿಯಾನೋ ಮಾಸ್ತರನ ಗಂಟಲು

ಅಳಬೇಕಾದ ಹೊತ್ತಿನಲ್ಲಿ ನಗು ಬರುವಂಥದ್ದು ಎಲ್ಲರ ಬದುಕಿನಲ್ಲೂ ಒಂದೆರಡು ಸಲ ನಡೆಯುತ್ತದೆ. ನನಗೆ ಮಾತ್ರ ಅದು ಕಸುಬಿನ ಜೊತೆಗೇ ಅಂಟಿಕೊಂಡು ಬಂತು, ಬಿಟ್ಟು ಹೋಗುವ ಲಕ್ಷಣವೇ ಇಲ್ಲ. ನನ್ನ ಕಸುಬು ಜಾಝ್. ಕಾರವಾರದಲ್ಲಿ ಕೂತು ಪಿಯಾನೋ ನುಡಿಸುತ್ತಾ ಜಾಝ್ ಹಾಡುವವನು ನನಗೆ ಗೊತ್ತಿದ್ದಂತೆ ನಾನೊಬ್ಬನೇ. ಹಾಗಾಗಿ ಊರಿಗೆ ಮೊದಲನೆಯವನೂ ನಾನೇ, ಕೊನೆಯವನೂ ನಾನೇ. ಜಾಝ್ ಅಂದರೇನು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು: ಗೊತ್ತಿರುವ ಹಾಡೊಂದನ್ನು ಕರೆದುಕೊಂಡು ಹೊರಡುವುದು, ಪ್ರತಿ ಸಲವೂ ಬೇರೆ ಬೇರೆ ದಾರಿಯಲ್ಲಿ ಸುತ್ತಾಡಿಸಿ ಕೊನೆಗೆ ಮನೆಗೆ ತಂದು ಬಿಡುವುದು. ಕೇಳಿದವರು ಸ್ವಲ್ಪ ಯೋಚಿಸಿ, "ಮತ್ತೆ ಸೀದಾ ದಾರಿಗೆ ಎಂತ ಆಗಿತ್ತು?" ಎನ್ನುತ್ತಾರೆ.

ಕಳೆದ ವರ್ಷ ಮಂಗಳೂರಿನ ಕಡೆಯ ಒಬ್ಬ ಡಾಕ್ಟರು ನನ್ನ ಗಂಟಲೊಳಗೆ ದೀಪ ಬಿಟ್ಟು ನೋಡಿ, ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆ ತೆಗೆಸಿದರೆ ಬದುಕುತ್ತೀರಿ, ಇಟ್ಟುಕೊಂಡರೆ ಹೆಚ್ಚು ದಿನ ಇಲ್ಲ ಎಂದರು. ಯೋಚಿಸಲು ಒಂದು ತಿಂಗಳು ಕೊಟ್ಟರು. ನಾನು ಅವರ ಕೋಣೆಯಿಂದ ಹೊರಗೆ ಬರುವಷ್ಟರಲ್ಲೇ ಯೋಚಿಸಿ ಮುಗಿಸಿದ್ದೆ. ತೆಗೆಸುವುದಿಲ್ಲ, ಹಾಡುತ್ತಲೇ ಹೋಗುತ್ತೇನೆ ಅಂತ. ಆ ತಿಂಗಳು ಮಾತು ಕಡಿಮೆ ಮಾಡಬೇಕೆಂದು ಅಪ್ಪಣೆಯಾಗಿದ್ದರಿಂದ ಸುಮ್ಮನೆ ಕೂತು ಹಳೆಯದನ್ನು ಬರೆಯತೊಡಗಿದೆ. ಕೊನೆಯ ಎರಡು ಪ್ರಸಂಗಗಳು ಮಾತ್ರ ಬರೆಯಲು ಕೂತ ಮೇಲೆ ನಡೆದವು.

ಗುರುಗಳ ಕಾನೂನು

ಹತ್ತೊಂಬತ್ತನೇ ವಯಸ್ಸಿಗೆ ನಾನು ಕಾರವಾರ ಬಿಟ್ಟು ಗೋವಾಕ್ಕೆ ಹೋದೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ನಮ್ಮ ಚರ್ಚಿನ ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ ಒಂದೇ. ಅಲ್ಲಿ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ ವಯಸ್ಸಾದವರೊಬ್ಬರು ನನ್ನನ್ನು ಶಿಷ್ಯನೆಂದು ಇಟ್ಟುಕೊಂಡರು. ಮೊದಲ ದಿನ ಊಟದ ಕೋಣೆಯಲ್ಲಿ ಜನ ತುಂಬಿದ್ದರು. ಪಿಯಾನೋ ಮುಂದೆ ಕೂತ ನನ್ನ ಕೈ ಒಂದು ತಪ್ಪು ಸ್ವರದ ಮೇಲೆ ದೊಪ್ಪನೆ ಬಿತ್ತು. ನಾನು ಕಲ್ಲಾಗಿ ಕೂತೆ.

ಗುರುಗಳು ಬಾಯಿಂದ ಸ್ಯಾಕ್ಸೊಫೋನ್ ತೆಗೆದು ಕಿವಿಯಲ್ಲಿ ಹೇಳಿದರು: "ಅದನ್ನೇ ಇನ್ನೂ ಎರಡು ಸಲ ಹೊಡಿ."

ಹೊಡೆದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವರು ಸಮಾಧಾನವಾಗಿ ತಿಳಿಸಿದರು: "ಒಂದು ಸಲ ಆದರೆ ತಪ್ಪು. ಮೂರು ಸಲ ಆದರೆ ಅದು ನಿನ್ನದೇ ಆಗ್ತದೆ. ಯಾರೂ ಕೇಳುವ ಹಾಗಿಲ್ಲ." ನನ್ನ ಇಡೀ ವಿದ್ಯೆ ಅಷ್ಟೇ. ಉಳಿದದ್ದೆಲ್ಲ ಅಭ್ಯಾಸ.

ಅವರು ತೀರಿಕೊಂಡಾಗ ನಾನು ಊರಿಗೆ ಮರಳಿ ಎಷ್ಟೋ ವರ್ಷಗಳಾಗಿದ್ದವು. ಸುದ್ದಿ ಕೇಳಿ ಬಸ್ಸು ಹತ್ತಿ ಓಡಿದೆ. ಬ್ಯಾಂಡಿನ ಹಳಬರೆಲ್ಲ ಕಪ್ಪು ಕೋಟು ಹಾಕಿ ಬಂದಿದ್ದರು. ಶವಪೆಟ್ಟಿಗೆಗೆ ನಾವೇ ಹೆಗಲು ಕೊಟ್ಟೆವು. ನನಗಂತೂ ಅಳು ತಡೆಯಲಾಗುತ್ತಿರಲಿಲ್ಲ. ಸ್ಮಶಾನದ ಮೊದಲ ಮೆಟ್ಟಿಲಲ್ಲಿ ಮುಂದಿನವನ ಕಾಲು ಜಾರಿ, ಪೆಟ್ಟಿಗೆ ಕಂಬಕ್ಕೆ ದಡ್ ಎಂದು ಬಡಿಯಿತು. ಎಲ್ಲರೂ ಹೌಹಾರಿದರು. ಸಾವರಿಸಿಕೊಂಡು ಹೊರಟರೆ ಎರಡನೇ ಮೆಟ್ಟಿಲಲ್ಲಿ ಮತ್ತೆ ದಡ್. ನಾವು ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೂರನೇ ಮೆಟ್ಟಿಲಿಗೆ ಬಂದಾಗ ಯಾರಿಗೂ ಉಸಿರು ಬಿಡುವ ಧೈರ್ಯವಿಲ್ಲ. ದಡ್.

ಹಿಂದೆ ಬರುತ್ತಿದ್ದ ಗುರುಪತ್ನಿ ಕಣ್ಣೊರೆಸುತ್ತಾ, "ಸರಿ, ಮೂರಾಯ್ತು. ಒಳಗೆ ತಗೊಂಡು ಹೋಗಿ. ಇನ್ನು ಅವರು ಬಡಿಯೂದಿಲ್ಲ" ಎಂದರು.

ಅಡ್ಡಿಲ್ಲ

ಊರಿಗೆ ಬಂದು ನಾನು ಕಟ್ಟಿದ ಬ್ಯಾಂಡಿನಲ್ಲಿ ಮೂವರು. ನಾನು, ಡ್ರಮ್ಮಿಗೆ ಒಬ್ಬ ಡ್ರೈವರ್, ಬಾಸ್ ಗಿಟಾರಿಗೆ ದೇವಬಾಗದ ಒಬ್ಬ ಮೀನುಗಾರ. ಆತನ ಮನೆತನವೇ ಸಮುದ್ರಕ್ಕೆ ಹೋಗುವುದು. ಬಲೆ ಎಳೆದೆಳೆದು ಅವನ ಬೆರಳುಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಬಾಸಿನ ದಪ್ಪ ತಂತಿ ಅವನಿಗೆ ದಾರದ ಸಮಾನ. ಮಾತು ಬಹಳ ಕಡಿಮೆ. ನಮ್ಮ ಕಡೆಯ ಜನ ಎಂಥ ಅದ್ಭುತ ಕಂಡರೂ "ಅಡ್ಡಿಲ್ಲ" ಎನ್ನುವುದಕ್ಕಿಂತ ಮೇಲಕ್ಕೆ ಹೋಗುವುದಿಲ್ಲವಲ್ಲ, ಇವನು ಅಷ್ಟನ್ನೂ ಮೂವತ್ತು ವರ್ಷದಲ್ಲಿ ನನಗೆ ಹೇಳಿದ್ದಿಲ್ಲ. ಬದಲಿಗೆ ಒಂದೇ ತಕರಾರು.

"ಮಾಸ್ತರ್ರೆ, ನೀವು ಹಾಡುವಾಗ ಒಂದ್ ಸ್ವರದ ಮೇಲೆ ಲಂಗರು ಹಾಕಿ ನಿಲ್ಲುದೇ ಇಲ್ಲ. ನಾ ಎಲ್ಲಿ ಅಂತ ಹುಡುಕೂದು?"

"ಜಾಝ್ ಅಂದರೇ ಹಾಗೆ ಮಾರಾಯ."

"ಅದು ಜಾಝ್ ಅಲ್ಲ. ಎಂಜಿನ್ ಕೆಟ್ಟ ದೋಣಿ ಹಾಗೇ ಹೋಗೂದು."

ಒಮ್ಮೆ ನದೀಮುಖದಾಚೆ, ಅವನ ದೇವಬಾಗದಲ್ಲೇ, ಪ್ರವಾಸಿಗರ ಎದುರು ಕಾರ್ಯಕ್ರಮವಿತ್ತು. ನನ್ನ ಎಲೆಕ್ಟ್ರಿಕ್ ಪಿಯಾನೋವನ್ನು ದೋಣಿಯಲ್ಲಿಟ್ಟು ಹೊರಟೆವು. ದಡ ಮುಟ್ಟುವಾಗ ಒಂದು ತೆರೆ ಬಂದು ಪಿಯಾನೋದ ನಡುಭಾಗಕ್ಕೆ ಸರಿಯಾಗಿ ಅಪ್ಪಳಿಸಿತು. ಅತ್ತ ಕಾರ್ಯಕ್ರಮ ಕಾಯುತ್ತಿದೆ, ಇತ್ತ ನನ್ನ ಹೊಟ್ಟೆಪಾಡಿನ ವಸ್ತು ಉಪ್ಪುನೀರು ಸುರಿಸುತ್ತಿದೆ. ನಾನು ಮರಳಿನ ಮೇಲೆ ಕೂತುಬಿಟ್ಟೆ. ಬಾಸಿನವನು ಅದನ್ನು ಎತ್ತಿಕೊಂಡು ಹೋಗಿ ಒಣಮೀನಿನ ಸಾಲಿನ ಪಕ್ಕ ಬಿಸಿಲಿಗೆ ಮಲಗಿಸಿದ. ಅವನ ತಾಯಿ ಕೋಲು ಹಿಡಿದು ಎರಡರ ಮೇಲಿಂದಲೂ ಕಾಗೆ ಓಡಿಸುತ್ತಾ ಕೂತಳು.

ಸಂಜೆಗೆ ನೋಡಿದರೆ ಪಿಯಾನೋದ ನಡುವಿನ ನಾಲ್ಕು ಮನೆಗಳು, ಅಂದರೆ ಬೆರಳು ಒತ್ತುವ ಕೀಗಳು, ಸತ್ತಿದ್ದವು, ಉಳಿದವು ಬದುಕಿದ್ದವು. ಆ ನಾಲ್ಕರ ಹತ್ತಿರ ಬಂದಾಗಲೆಲ್ಲ ಕೈ ಎತ್ತಿಕೊಂಡು, ಆಚೆ ದಾಟಿ ಮುಂದುವರಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಪ್ರವಾಸಿಗರೊಬ್ಬರು ಬಂದು ನನ್ನ ಕೈ ಹಿಡಿದುಕೊಂಡು, "ಸರ್, ನಿಮ್ಮ ಸಂಗೀತದಲ್ಲಿ ಎಂಥಾ ಮೌನ! ಇದನ್ನು ಸಾಧಿಸಲು ಎಷ್ಟು ವರ್ಷ ಬೇಕಾಯಿತು?" ಎಂದರು.

ಹಿಂದಿನಿಂದ ನನ್ನ ಬಾಸಿನವನು ಹೇಳಿದ: "ಒಂದ್ ತೆರೆ ಸಾಕಾಯ್ತು."

ಕೈಗಾ ಬಸ್ಸು

ನಮ್ಮ ಡ್ರಮ್ಮಿನವನು ಕೈಗಾದ ಅಣುಸ್ಥಾವರಕ್ಕೆ ನೌಕರರನ್ನು ಕರೆದುಕೊಂಡು ಹೋಗುವ ಬಸ್ಸಿನ ಡ್ರೈವರ್. ತಾಳ ತಪ್ಪಿದರೆ ಸಹಿಸಿಯಾನು, ಹೊತ್ತು ತಪ್ಪಿದರೆ ಸಹಿಸಲಾರ. ಒಮ್ಮೆ ನಗರದ ಸಂಘವೊಂದು, ತೀರಿಕೊಂಡ ತಮ್ಮ ಅಧ್ಯಕ್ಷರ ನೆನಪಿಗೆ ಮಧ್ಯಾಹ್ನದ ಸಭೆ ಇಟ್ಟುಕೊಂಡಿತ್ತು. ಕೊನೆಯಲ್ಲಿ ನಾನೊಂದು ನಿಧಾನದ ಹಾಡು ಹಾಡಬೇಕು. ಮುಖ್ಯ ಅತಿಥಿಗಳು ಮೈಕು ಹಿಡಿದರು. ಸತ್ತವರ ಗುಣ ಒಂದೊಂದಾಗಿ ಹೇಳುತ್ತಾ ಹೋದರು. ಇಷ್ಟು ಗುಣಗಳಿದ್ದವರನ್ನು ಬದುಕಿದ್ದಾಗ ಯಾರೂ ಗಮನಿಸಿರಲೇ ಇಲ್ಲವಲ್ಲ ಎಂದು ನಮಗೆಲ್ಲ ಬೇಸರವಾಯಿತು.

ನಮ್ಮ ಸರದಿ ಬಂದಾಗ ಡ್ರೈವರು ಕೈಗಡಿಯಾರ ಬಿಚ್ಚಿ ಡ್ರಮ್ಮಿನ ಮೇಲಿಟ್ಟ. "ಹನ್ನೊಂದು ನಿಮಿಷ ಉಂಟು" ಎಂದ.

ನಾನು ಹಾಡತೊಡಗಿದೆ. ಹಾಡು ಚೆನ್ನಾಗಿ ಹತ್ತಿತು. ಅಧ್ಯಕ್ಷರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡರು. ನಾನೂ ಕಣ್ಣು ಮುಚ್ಚಿ ದುಃಖದ ಆಳಕ್ಕೆ ಇಳಿಯುತ್ತಿದ್ದೆ. ಆಗ ಹಿಂದಿನಿಂದ ಡ್ರಮ್ಮಿನ ಭಾರೀ ಗುಡುಗು, ಕೊನೆಗೊಂದು ಝಲ್. ಕಣ್ಣು ಬಿಟ್ಟರೆ ಅವನು ಎದ್ದು ನಿಂತು ಕೋಲುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಾನೆ. ಜನ ಹಾಡು ಮುಗಿಯಿತೆಂದು ಎದ್ದು ನಿಂತು ಕೈಮುಗಿದರು.

"ಇನ್ನೂ ಅರ್ಧ ಹಾಡು ಇದೆಯಲ್ಲೋ!" ಎಂದೆ, ಹಲ್ಲು ಕಚ್ಚಿ.

"ನಿಮ್ಮ ದುಃಖ ನಾಳೆ ಮುಂದುವರಿಸಿ ಮಾಸ್ತರ್ರೆ. ಸತ್ತವ್ರು ಕಾಯ್ತಾರೆ, ಸೆಕೆಂಡ್ ಶಿಫ್ಟಿನವ್ರು ಕಾಯುದಿಲ್ಲ."

ಮುಂಚಿತ ತಪಾಸಣೆ

ಅಂಕೋಲೆಯಲ್ಲಿ ಒಬ್ಬರು ನಿವೃತ್ತ ತಹಶೀಲ್ದಾರರಿದ್ದರು. ನನ್ನ ಹಾಡಿನ ಮೇಲೆ ಅವರಿಗೆ ಯಾಕೋ ಪ್ರೀತಿ. ಒಂದು ದಿನ ಕರೆಸಿಕೊಂಡು ಹೇಳಿದರು: "ನೋಡು ತಮಾ, ನಂದು ಹಾರ್ಟು ಸರಿ ಇಲ್ಲ. ಸತ್ತ ಹದಿಮೂರನೇ ದಿನ ಊಟಕ್ಕೆ ಮುಂಚೆ ನೀ ಹಾಡ್ಬೇಕು. ಆದ್ರೆ ಆವಾಗ ಸರಿಯಾಯ್ತೋ ಇಲ್ವೋ ನೋಡುಕೆ ನಾ ಇರುದಿಲ್ಲ. ಇವತ್ತೇ ಒಂದ್ ಸಲ ಹಾಡು, ನೋಡ್ವಾ."

ನಾವು ಮೂವರೂ ಅವರ ಜಗಲಿಯಲ್ಲಿ ವಾದ್ಯ ಹೂಡಿದೆವು. ಅವರು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಸತ್ತವರ ಹಾಗೆ ಕಣ್ಣು ಮುಚ್ಚಿ ಕೇಳಿದರು. ನಡುವೆ ಒಂದು ಕಣ್ಣು ತೆರೆದು, "ಇಲ್ಲಿ ಸ್ವಲ್ಪ ನಿಧಾನ. ನನ್ನ ಸೊಸೆ ಅಳುಕೆ ತಡ ಮಾಡ್ತದೆ" ಎಂದು ತಿದ್ದಿದರು. ಒಳಗಿನಿಂದ ಸೊಸೆ ಪಾತ್ರೆ ಕುಕ್ಕಿದ ಸದ್ದು ಬಂತು.

ಅವರು ಆ ವರ್ಷ ಸಾಯಲಿಲ್ಲ. ಮುಂದಿನ ವರ್ಷವೂ ಇಲ್ಲ. ಆರು ವರ್ಷ, ಪ್ರತಿ ವರ್ಷ ಒಂದು ತಪಾಸಣೆ. ಮನೆಯವರಿಗೆ ಆ ಹಾಡು ಬಾಯಿಪಾಠವಾಯಿತು. ಮೊಮ್ಮಗಳು ಹಗ್ಗದಾಟ ಆಡುವಾಗ ಅಜ್ಜನ ಸಾವಿನ ಹಾಡನ್ನೇ ಗುನುಗುತ್ತಿದ್ದಳು.

ಅವರು ನಿಜವಾಗಿ ಹೋದದ್ದು ನನ್ನ ಗಂಟಲು ಕೈಕೊಡಲು ಶುರುವಾದ ದಿನಗಳಲ್ಲಿ. ಶೀತ ಎಂದುಕೊಂಡಿದ್ದೆ. ಶುಂಠಿ ಕಷಾಯ ಕುಡಿದು ಹದಿಮೂರನೇ ದಿನ ಹೋಗಿ ಕೂತೆ. ಮನೆಯವರೆಲ್ಲ ಆ ಹಾಡು ಎಷ್ಟೋ ಸಲ ಕೇಳಿದವರಾದ್ದರಿಂದ ಆರಾಮಾಗಿ ಕೂತಿದ್ದರು. ಅಡುಗೆಯವರು ಮಾತ್ರ ಸ್ವಲ್ಪ ಆಸಕ್ತಿ ತೋರಿಸಿದರು. ಎರಡನೇ ಸಾಲಿಗೇ ನನ್ನ ಧ್ವನಿ ಒಡೆದು ಎರಡು ಹೋಳಾಯಿತು. ನನಗೆ ನಾಚಿಕೆಯಾಯಿತು. ಆದರೆ ಗುರುಗಳ ಕಾನೂನು ಇದೆಯಲ್ಲ. ಅದೇ ಜಾಗಕ್ಕೆ ಬಂದಾಗ ಬೇಕೆಂದೇ ಇನ್ನೊಮ್ಮೆ ಒಡೆದೆ, ಮತ್ತೊಮ್ಮೆ ಒಡೆದೆ. ಮೂರನೆಯದಕ್ಕೆ ಇಡೀ ಮನೆ ಗೊಳೋ ಎಂದು ಅತ್ತಿತು. ಎಲ್ಲರಿಗಿಂತ ಮೊದಲು ಅತ್ತದ್ದು ಸೊಸೆ.

ಮಗ ನನ್ನನ್ನು ಬಾಗಿಲವರೆಗೆ ಬಿಡಲು ಬಂದು ಮೂಗೊರೆಸಿಕೊಂಡು, "ಅಪ್ಪ ಆರು ವರ್ಷ ತಿದ್ದಿದ್ರೂ ನಿಮಗೆ ಇಷ್ಟು ಚಲೋ ಬರ್ತಾ ಇರ್ಲಿಲ್ಲ" ಎಂದ.

ಅದು ಶೀತವಲ್ಲ ಎಂದು ಒಂದು ತಿಂಗಳ ನಂತರ ಗೊತ್ತಾಯಿತು.

ಬಾಂಗಡೆ

ಡಾಕ್ಟರ ಹತ್ತಿರ ನಾನು ಕೇಳಿದ ಮೊದಲ ಪ್ರಶ್ನೆ, ಅರ್ಧ ತೆಗೆದು ಅರ್ಧ ಬಿಡಬಹುದೇ ಎಂದು. ಅವರು ಒಳ್ಳೆಯ ಮನುಷ್ಯ. "ನೀವು ಪಿಯಾನೋ ನುಡಿಸ್ತೀರಲ್ಲ? ಕೈಗೆ ಏನೂ ಆಗೋದಿಲ್ಲ" ಎಂದು ಧೈರ್ಯ ಹೇಳಿದರು. ಒಂದು ಕಾಲು ಕತ್ತರಿಸುವಾಗ ಇನ್ನೊಂದು ಇದೆಯಲ್ಲ ಎಂದ ಹಾಗೆ.

ವಾಪಸು ಬರುವಾಗ ರೈಲಿನಲ್ಲಿ ಹೆಂಡತಿಗೆ ಹೇಳಿಬಿಟ್ಟೆ, ತೆಗೆಸುವುದಿಲ್ಲ ಎಂದು. ನಲವತ್ತು ವರ್ಷ ಈ ಗಂಟಲಿನಿಂದಲೇ ನಾನು ನಾನಾಗಿದ್ದೆ, ಅದು ಇಲ್ಲದೆ ಮನೆಯಲ್ಲಿ ಕೂರುವವನು ಬೇರೆ ಯಾರೋ ಎಂದೆ. ಅವಳು ಕಿಟಕಿ ನೋಡುತ್ತಾ ಕೂತಳು. ಅಂಕೋಲೆ ಸ್ಟೇಷನ್ ದಾಟಿದ ಮೇಲೆ ಕೊಂಕಣಿಯಲ್ಲಿ, "ನಾನು ಮದುವೆ ಆದದ್ದು ನಿನ್ನ ಗಂಟಲನ್ನಲ್ಲ" ಎಂದಳು. ಆದರೂ ನಾನು ನಿರ್ಧಾರ ಬಿಡಲಿಲ್ಲ.

ಊರಿಗೆ ಸುದ್ದಿ ಹಬ್ಬಿತು. ಎಳನೀರು ಹಿಡಿದುಕೊಂಡು ಜನ ನೋಡಲು ಬಂದರು. ಬಂದವರೆಲ್ಲ ನನ್ನ ಮುಖ ನೋಡುವುದು ಬಿಟ್ಟು ಕತ್ತು ನೋಡುತ್ತಿದ್ದರು. ಎಲ್ಲರೂ ದನಿ ತಗ್ಗಿಸಿ, ಸತ್ತ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದರು. ತಗ್ಗಿಸದವಳು ದಿನಾ ಬಾಗಿಲಿಗೆ ಮೀನು ತರುವವಳು ಒಬ್ಬಳೇ. ಬುಟ್ಟಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಮಾಸ್ತರ್ರೆ, ಗಂಟಲು ತೆಗೀತಾರಂತೆ ಹೌದಾ?"

"ಹೌದು. ನಾನು ಬೇಡ ಅಂದಿದ್ದೇನೆ."

"ತೆಗದ್ರೆ ಮತ್ತೆ ಮೀನು ತಿನ್ನೂಕೆ ಬರ್ತದಾ?"

"ತಿನ್ನಬಹುದಂತೆ."

"ಮುಳ್ಳು ಸಿಕ್ಕೂದು?"

ನಾನು ಇದನ್ನು ಡಾಕ್ಟರಲ್ಲಿ ಕೇಳಿರಲಿಲ್ಲ. ಉಸಿರಿಗೆ ಕತ್ತಿನಲ್ಲಿ ಬೇರೆ ತೂತು ಮಾಡುತ್ತಾರೆ, ಅನ್ನದ ದಾರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವರು ಚಿತ್ರ ಬರೆದು ತೋರಿಸಿದ್ದು ನೆನಪಾಗಿ, ಅದನ್ನೇ ಹೇಳಿದೆ.

ಅವಳು ನಾಲ್ಕು ದಪ್ಪ ಬಾಂಗಡೆ ಆರಿಸಿ ತಟ್ಟೆಗೆ ಹಾಕುತ್ತಾ, "ದೇವ್ರು ಮೀನಿನ ದಾರಿ ಬಿಟ್ಟು ಹಾಡಿನ ದಾರಿ ಮುಚ್ತಾ ಇದ್ದಾನೆ. ಮತ್ತೆ ಎಂತಕ್ಕೆ ಅಳೂದು ನೀವು!" ಎಂದಳು.

ಮೂರು ಸಲ

ಕೊನೆಯದೊಂದು ಕಾರ್ಯಕ್ರಮ ಮಾಡಿ ಮುಗಿಸಿಬಿಡೋಣ ಎಂದು ಕಾರವಾರದ ಒಂದು ಚಿಕ್ಕ ಹಾಲನ್ನು ಭಾನುವಾರ ಮಧ್ಯಾಹ್ನಕ್ಕೆ ಗೊತ್ತುಮಾಡಿದೆ. ವಾದ್ಯ ಹೂಡುವಾಗ ಬಾಸಿನವನು ಕೇಳಿದ: "ಕೊನೇದು ಅಂದ್ರೆ, ಆಪರೇಶನ್ನಿಗಿಂತ ಮುಂಚಿನ ಕೊನೇದಾ?"

"ಆಪರೇಶನ್ ಇಲ್ಲ. ಇದೇ ಕೊನೆಯದು."

ಅವನು ತಂತಿ ಬಿಗಿ ಮಾಡುತ್ತಾ ಹೋದ. ಡ್ರೈವರು ಅವತ್ತು ಕೈಗಡಿಯಾರ ಬಿಚ್ಚಲಿಲ್ಲ. ಬಸ್ಸು ಯಾರು ಓಡಿಸುತ್ತಾರೆ ಎಂದು ಕೇಳಿದೆ. "ರಜೆ ಹಾಕಿದ್ದೇನೆ" ಎಂದ. ಅವನು ರಜೆ ಹಾಕಿದ್ದು ಕೇಳಿ ನನಗೆ ಮೊದಲ ಸಲ ನಿಜವಾದ ಭಯವಾಯಿತು. ಅವನ ಮದುವೆಗೇ ಅವನು ರಜೆ ಹಾಕಿರಲಿಲ್ಲ.

ಜನ ಚೆನ್ನಾಗಿಯೇ ಸೇರಿದ್ದರು. ಮೊದಲೆರಡು ಹಾಡು ಹೇಗೋ ಆಯಿತು. ಮೂರನೆಯದು ನನ್ನದೇ ಒಂದು ಕೊಂಕಣಿ ಹಾಡು. ನಾನೊಂದು ಸಾಲು ಹಾಡುವುದು, ಅದಕ್ಕೆ ನನ್ನ ಪಿಯಾನೋ ಉತ್ತರ ಕೊಡುವುದು, ಹೀಗೆ ಅದರ ನಡಿಗೆ. ಎರಡನೇ ಚರಣದಲ್ಲಿ ಬಾಯಿ ತೆರೆದೆ. ಏನೂ ಬರಲಿಲ್ಲ. ಒಡೆದ ಧ್ವನಿಯೂ ಇಲ್ಲ, ಉಸಿರು ಮಾತ್ರ. ಕೈಗಳು ಅಭ್ಯಾಸದಿಂದ ತಮ್ಮ ಉತ್ತರ ಕೊಟ್ಟವು. ಮುಂದಿನ ಸಾಲಿಗೆ ಮತ್ತೆ ಬಾಯಿ ತೆರೆದೆ. ಇಲ್ಲ. ಕೈಗಳು ಮತ್ತೆ ಉತ್ತರ ಕೊಟ್ಟವು. ಮೊದಲ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಎರಡೂ ಕೈ ಮಡಿಲಲ್ಲಿಟ್ಟು ನನ್ನನ್ನೇ ನೋಡುತ್ತಿದ್ದಳು. ಮೂರನೇ ಸಲ ತೆರೆದೆ. ಇಲ್ಲ.

ಬಾಸಿನವನು ನುಡಿಸುವುದನ್ನು ನಿಲ್ಲಿಸದೆ ನನ್ನ ಹತ್ತಿರ ಬಾಗಿದ. "ಮಾಸ್ತರ್ರೆ, ಮೂರ್ ಸಲ ಆಯ್ತು" ಎಂದ. "ಇನ್ನು ಅದು ನಿಮ್ದೇ."

ಗುರುಗಳ ಕಾನೂನನ್ನು ನಾನು ಅವನಿಗೆ ಯಾವಾಗ ಹೇಳಿದ್ದೆನೋ ನೆನಪಿಲ್ಲ. ಉಳಿದ ಹಾಡನ್ನು ಹಾಗೇ ನುಡಿಸಿದೆ, ನನ್ನ ಸಾಲು ಬಂದಾಗ ಖಾಲಿ ಬಿಟ್ಟು, ಉತ್ತರ ಮಾತ್ರ ಕೊಟ್ಟು. ಕಣ್ಣೀರು ಬಂತು, ಒರೆಸಲು ಕೈಗೆ ಬಿಡುವಿರಲಿಲ್ಲ. ಹಾಡು ಕೊನೆಗೆ ಬಂದು ಮನೆ ಮುಟ್ಟಿತು. ನಾನಿಲ್ಲದೆಯೂ ಮುಟ್ಟಿತು ಎನ್ನುವುದೇ ನನಗೆ ದೊಡ್ಡ ಸುದ್ದಿ. ಸಾಯಬೇಕೆಂದು ಹಟ ಹಿಡಿದವನಿಗೆ ಆಗ ಇದ್ದಕ್ಕಿದ್ದ ಹಾಗೆ ಬದುಕುವ ಆಸೆಯಾಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ನಾನೇ ಫೋನು ಮಾಡಿದೆ. ಆ ಕಡೆಯ ಹುಡುಗಿ, "ಹಲೋ, ಜೋರಾಗಿ ಮಾತಾಡಿ. ಏನೂ ಕೇಳ್ತಾ ಇಲ್ಲ. ನಿಮ್ಮ ಗಂಟಲಿಗೆ ಏನಾಗಿದೆ?" ಎಂದಳು.

ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ, "ಅದನ್ನು ಹೇಳೋದಕ್ಕೇ ಫೋನು ಮಾಡಿದ್ದಮ್ಮಾ" ಎಂದೆ. ಅದೂ ಅವಳಿಗೆ ಕೇಳಿಸಲಿಲ್ಲ.

ಲಂಗರು

ಆಪರೇಶನ್ ಆಯಿತು. ಅದರ ವಿವರ ಬೇಡ, ನಗುವಂಥದ್ದು ಅದರಲ್ಲಿ ಏನೂ ಇಲ್ಲ. ಕತ್ತಿನ ಬುಡದಲ್ಲಿ ತೂತು, ಅದಕ್ಕೊಂದು ಬಟ್ಟೆ. ತಿಂಗಳುಗಟ್ಟಲೆ ಸ್ಲೇಟಿನ ಮೇಲೆ ಬರೆದು ಮಾತಾಡಿದೆ. ಕೋಪ ಬಂದಾಗ ಬರೆದು ಮುಗಿಸುವಷ್ಟರಲ್ಲಿ ಹೆಂಡತಿ ಅಡುಗೆಮನೆಗೆ ಹೋಗಿರುತ್ತಿದ್ದಳು. ಆಮೇಲೆ ಒಂದು ಯಂತ್ರ ಕೊಟ್ಟರು. ಟಾರ್ಚಿನ ಹಾಗಿದೆ. ಕತ್ತಿಗೆ ಒತ್ತಿ ಹಿಡಿದು ಬಾಯಾಡಿಸಿದರೆ ಮಾತು ಬರುತ್ತದೆ. ಆದರೆ ಧ್ವನಿ ನನ್ನದಲ್ಲ, ಯಂತ್ರದ್ದು. ಏರಿಲ್ಲ, ಇಳಿವಿಲ್ಲ, ಸಿಟ್ಟಿಗೂ ಪ್ರೀತಿಗೂ ಅದೇ ಒಂದು ಗುಂಯ್. ಮೊದಲ ಸಲ ಹೆಂಡತಿಯ ಹೆಸರು ಕರೆದಾಗ ಅವಳು ಓಡಿ ಹೋಗಿ ಮಿಕ್ಸರ್ ಆಫ್ ಮಾಡಿದಳು.

ಯಂತ್ರ ಸಿಕ್ಕಿದ ಮೇಲೆ ಒಂದು ದಿನ ಬೆಳಿಗ್ಗೆ ಬಾಸಿನವನ ಮನೆಗೆ ಹೋದೆ. ಅಂಗಳದಲ್ಲಿ ಬಲೆ ಹರವಿತ್ತು. ಡ್ರೈವರೂ ಡ್ರಮ್ಮು, ನನ್ನ ಪಿಯಾನೋ ಎರಡನ್ನೂ ದೋಣಿಗೆ ಹಾಕಿಕೊಂಡು ಬಂದಿದ್ದ. ಇಬ್ಬರೂ ನನ್ನ ಕತ್ತನ್ನು ನೋಡಬಾರದೆಂದು ಬಹಳ ಕಷ್ಟಪಟ್ಟು ಸಮುದ್ರ ನೋಡುತ್ತಿದ್ದರು. ನಾನು ಪಿಯಾನೋ ಮುಂದೆ ಕೂತೆ. ಎಡಗೈ ಮನೆಗಳ ಮೇಲೆ, ಬಲಗೈಯಲ್ಲಿ ಯಂತ್ರ. ಅದೇ ಕೊಂಕಣಿ ಹಾಡು ಎತ್ತಿಕೊಂಡೆ.

ಗುಂಯ್ ಎಂದು ಹೊರಟಿತು. ಶಬ್ದಗಳು ಬದಲಾದವು, ಸ್ವರ ಕದಲಲಿಲ್ಲ. ಇಡೀ ಚರಣ ಒಂದೇ ಸ್ವರದಲ್ಲಿ, ಬಂದರಿನಲ್ಲಿ ನಿಂತ ಹಡಗಿನ ಹಾಗೆ. ಡ್ರೈವರ ಕೋಲು ಗಾಳಿಯಲ್ಲೇ ನಿಂತಿತು. ನಾನು ಮುಖ ಎತ್ತಲಿಲ್ಲ. ಒಬ್ಬ ಕನಿಕರಪಟ್ಟರೂ ಯಂತ್ರವನ್ನು ಸಮುದ್ರಕ್ಕೆ ಎಸೆದು ಮನೆಗೆ ಹೋಗುವುದೆಂದು ಒಳಗೇ ನಿಶ್ಚಯಿಸಿಕೊಂಡಿದ್ದೆ.

ಬಾಸಿನವನು ಕಿವಿ ಆನಿಸಿ ಕೇಳಿದ. ಒಂದು ತಂತಿಯನ್ನು ಸ್ವಲ್ಪ ಸಡಿಲ ಮಾಡಿ, ಯಂತ್ರದ ಸ್ವರಕ್ಕೆ ಸರಿಯಾಗಿ ಕೂಡಿಸಿದ. ಅದರ ಸುತ್ತಲೇ ನುಡಿಸತೊಡಗಿದ. ಎಂದೂ ಹಾಗೆ ನುಡಿಸಿದವನಲ್ಲ. ಡ್ರೈವರೂ ಸೇರಿಕೊಂಡ. ಹಾಡು ಸುತ್ತಾಡಿ ಬಂದು ಮನೆ ಮುಟ್ಟಿತು. ನಾನು ಯಂತ್ರ ಕೆಳಗಿಟ್ಟು ಅವನ ಕಡೆ ನೋಡಿದೆ.

"ಅಡ್ಡಿಲ್ಲ" ಎಂದ.

ಮೂವತ್ತು ವರ್ಷದಲ್ಲಿ ಮೊದಲ ಸಲ. ನನಗೆ ನಂಬಿಕೆಯಾಗಲಿಲ್ಲ. ಅವನು ಬಾಸನ್ನು ಗೋಡೆಗೆ ಒರಗಿಸಿ, ಗದರುವ ದನಿಯಲ್ಲಿ ಹೇಳಿದ:

"ಒಂದೇ ಸ್ವರದ ಮೇಲೆ ನಿಲ್ಲಿ ನಿಲ್ಲಿ ಅಂತ ನಾ ಎಷ್ಟು ವರ್ಷದಿಂದ ಹೇಳ್ತಾ ಇದ್ದೆ. ಇಷ್ಟಕ್ಕೆ ಗಂಟಲು ಕುಯ್ಸ್ಬೇಕಾಗಿತ್ತಾ ಮಾಸ್ತರ್ರೆ?"